ದಾರಿ ಕೇಳದ ರಾಯರು

ದಾರಿ ಕೇಳುವುದು ಸಾಲ ಕೇಳುವುದಕ್ಕಿಂತ ಕೀಳು ಎಂದು ನಂಬಿದ ಗಂಡಸರು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರನ್ನೆಲ್ಲ ಒಂದೇ ಕಡೆ ನೋಡಬೇಕಾದರೆ ಸ್ಪೇನಿನ ಟೊಲೆಡೊಗೆ ಹೋಗಬೇಕು. ಅಲ್ಲಿನ ಸೊಕೊಡೊವರ್ ಚೌಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕು. ಜರ್ಮನರು, ಜಪಾನಿಯರು, ಅಷ್ಟೇಕೆ, ಪಕ್ಕದ ಮ್ಯಾಡ್ರಿಡ್‌ನವರೂ ಕೈಯಲ್ಲಿ ಮ್ಯಾಪ್ ಹಿಡಿದು, ಹೆಂಡತಿಯನ್ನು ಎರಡು ಹೆಜ್ಜೆ ಹಿಂದೆ ಬಿಟ್ಟು, ಒಂದು ಓಣಿಗೆ ನುಗ್ಗುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಓಣಿಯಿಂದ ಅದೇ ಚೌಕಕ್ಕೆ ಹೊರಬೀಳುತ್ತಾರೆ. ಮುಖದಲ್ಲಿ ಗಾಬರಿ ಇರುವುದಿಲ್ಲ. ಇಲ್ಲಿಗೇ ಬರಬೇಕಿತ್ತು ಎಂಬ ಗಾಂಭೀರ್ಯವಿರುತ್ತದೆ.

ನಮ್ಮ ರಾಯರು ಈ ಪಂಗಡದ ಕನ್ನಡ ಶಾಖೆಯವರು. ಬ್ಯಾಂಕಿನಿಂದ ನಿವೃತ್ತರು. ಮ್ಯಾಡ್ರಿಡ್‌ನಲ್ಲಿರುವ ಮಗಳು ‘ಗೈಡ್ ಗೊತ್ತು ಮಾಡ್ಲಾ ಅಪ್ಪಾ?’ ಎಂದದ್ದಕ್ಕೆ ‘ಮ್ಯಾಪ್ ಇದೆಯಲ್ಲಮ್ಮಾ’ ಎಂದು ಮಾತು ಮುಗಿಸಿದವರು. ಹಿಂದಿನ ರಾತ್ರಿಯೇ ಮ್ಯಾಪಿನ ಮೇಲೆ ಸ್ಕೇಲು ಇಟ್ಟು ಅಳೆದಿದ್ದರು. ‘ಈ ತುದಿಯಿಂದ ಆ ತುದಿಗೆ ಒಂದೂವರೆ ಕಿಲೋಮೀಟರು. ಲಾಲ್‌ಬಾಗ್‌ನ ಒಂದು ಸುತ್ತೂ ಆಗೋದಿಲ್ಲ ಕಣೆ.’ (ಮುಂದಿನದೆಲ್ಲ ನಾನು ಅಮ್ಮಾವ್ರ ಬಾಯಿಂದ ಕೇಳಿದ್ದು. ರಾಯರ ಪಾಠಾಂತರ ಬೇರೆಯೇ ಇದೆ.)

ವೇಗದ ರೈಲು ಅರ್ಧ ಗಂಟೆ ಚಿಲ್ಲರೆಯಲ್ಲಿ ಟೊಲೆಡೊ ಮುಟ್ಟಿಸಿತು. ನಿಲ್ದಾಣದ ಹೊರಗೆ ಊರೊಳಗೆ ಹೋಗುವ ಬಸ್ಸಿತ್ತು. ಆದರೆ ಬಸ್ಸು ಹತ್ತಬೇಕಾದರೆ ‘ಅಲ್ಲಿಗೆ ಹೋಗುತ್ತಾ?’ ಎಂದು ಡ್ರೈವರನ್ನು ಕೇಳಬೇಕಾಗುತ್ತದೆ. ರಾಯರು ನಡೆದರು. ತಾಹೊ ನದಿ ಮೂರು ಕಡೆಯಿಂದ ಬಳಸಿಕೊಂಡ ಬಂಡೆಗುಡ್ಡದ ಮೇಲೆ ಕೂತಿರುವ ಊರು ಅದು. ಅಲ್ಕಾಂತರಾ ಸೇತುವೆ ದಾಟಿದ ಮೇಲೆ ಮ್ಯಾಪು ಮುಚ್ಚಿಟ್ಟಿದ್ದ ಸಂಗತಿ ಹೊರಬಂತು. ರಾಯರ ಒಂದೂವರೆ ಕಿಲೋಮೀಟರಿನಲ್ಲಿ ಉದ್ದ ಅಗಲ ಮಾತ್ರ ಇತ್ತು, ಎತ್ತರ ಇರಲಿಲ್ಲ.

ಈ ಏರಿನ ಮುಂದೆ ಸೋತವರಲ್ಲಿ ರಾಯರು ಮೊದಲಿಗರಲ್ಲ. ಕಾಲ ಕೆಳಗೇ ನದಿ ಹರಿಯುತ್ತಿದ್ದರೂ ಒಂದು ಕಾಲದಲ್ಲಿ ಊರಿನವರು ಕುಡಿಯುವ ನೀರನ್ನು ಕತ್ತೆಗಳ ಮೇಲೆ ಹೇರಿ ತರಿಸಬೇಕಿತ್ತು. 1569ರಲ್ಲಿ ಹುವಾನೆಲೊ ತುರ್ರಿಯಾನೊ ಎಂಬ ಇಟಲಿಯ ಗಡಿಯಾರದ ಕುಶಲಿ ಒಂದು ಯಂತ್ರ ಕಟ್ಟಿ, ನದಿಯ ನೀರನ್ನು ಸುಮಾರು ನೂರು ಮೀಟರ್ ಎತ್ತರದ ಅಲ್ಕಾಸರ್ ಕೋಟೆಗೆ ಏರಿಸಿಬಿಟ್ಟ. ಯುರೋಪೆಲ್ಲ ಬೆರಗಾಯಿತು. ದುಡ್ಡು ಕೇಳಿದಾಗ ನಗರದವರು ‘ನೀರೆಲ್ಲ ಅರಮನೆಗೇ ಹೋಗ್ತಿದೆ, ನಾವ್ಯಾಕೆ ಕೊಡಬೇಕು?’ ಎಂದರು. ಪಾಪ, 1585ರಲ್ಲಿ ಬಡತನದಲ್ಲೇ ಸತ್ತ. ಅದಕ್ಕೂ ಮೊದಲು, 1561ರಲ್ಲೇ, ಎರಡನೇ ಫಿಲಿಪ್ ದೊರೆ ಆಸ್ಥಾನವನ್ನು ಟೊಲೆಡೊದಿಂದ ಮ್ಯಾಡ್ರಿಡ್‌ಗೆ ಸಾಗಿಸಿದ್ದ. ಇತಿಹಾಸಕಾರರು ಇದಕ್ಕೆ ಏನೇನೋ ಕಾರಣ ಹುಡುಕುತ್ತಾರೆ. ಅಮ್ಮಾವ್ರ ಪ್ರಕಾರ ಕಾರಣ ಒಂದೇ: ಮಂಡಿನೋವು.

ರಾಯರು ಮೊದಲು ಕಥೀಡ್ರಲ್ ಹುಡುಕಿದರು. ನದಿಯಾಚೆ ನಿಂತರೆ ಎದ್ದು ಕಾಣುವ ಗೋಪುರ ಊರೊಳಗೆ ಬಂದ ಕೂಡಲೇ ಮಾಯವಾಗುತ್ತದೆ. ಮುಸ್ಲಿಂ ಆಳ್ವಿಕೆಯ ಕಾಲದಿಂದ ಉಳಿದುಬಂದ ಓಣಿಗಳು. ಬಿಸಿಲು ನೆಲ ಮುಟ್ಟದಂತೆ ಗೋಡೆಗಳು ಒತ್ತೊತ್ತಾಗಿ ನಿಂತಿವೆ, ಕೆಲವು ಓಣಿಗಳು ಯಾರದೋ ಮನೆಬಾಗಿಲಲ್ಲಿ ಮುಗಿದೇ ಹೋಗುತ್ತವೆ. ಫೋನು ತೆಗೆದರೆ ಅದರ ನೀಲಿ ಚುಕ್ಕೆ ಒಂದು ಮನೆಯ ಮಾಡಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಕಡೆಗೆ ಸಿಕ್ಕಿದ್ದು ಕಥೀಡ್ರಲ್ ಅಲ್ಲ, ಊರಿನ ಇನ್ನೊಂದು ಮಗ್ಗುಲಿನ ‘ಕ್ರಿಸ್ತೊ ದೆ ಲಾ ಲೂಸ್’ ಎಂಬ ಪುಟ್ಟ ಹಳೆಯ ಮಸೀದಿ. ರಾಯರು ಕಣ್ಣು ಮಿಟುಕಿಸಲಿಲ್ಲ. ‘ಇದು 999ನೇ ಇಸವೀದು. ಕಥೀಡ್ರಲ್ ಶುರುವಾದದ್ದು 1226ರಲ್ಲಿ. ಯಾವುದನ್ನೂ ತಾರೀಖಿನ ಪ್ರಕಾರ ನೋಡಬೇಕು’ ಎಂದರು. ಲೆಜ್ಜರ್ ಬರೆದ ಕೈ, ಎಲ್ಲಿಗೆ ಹೋಗುತ್ತದೆ!

ಅಮ್ಮಾವ್ರದು ಬೇರೆ ಪದ್ಧತಿ. ತರಕಾರಿ ಚೀಲ ಹಿಡಿದು ಬರುತ್ತಿದ್ದ ಅಜ್ಜಿಯೊಬ್ಬರನ್ನು ತಡೆದು ‘ಅಮ್ಮಾ, ದೊಡ್ಡ ಚರ್ಚು ಎಲ್ಲಿ?’ ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಅಜ್ಜಿ ಅಚ್ಚ ಸ್ಪ್ಯಾನಿಷ್‌ನಲ್ಲಿ ಉತ್ತರಿಸಿ, ಕೈಹಿಡಿದು ತಿರುವಿನವರೆಗೂ ಬಂದು ಬಿಟ್ಟುಹೋದರು. ಹೋಗುವಾಗ ಬಾದಾಮಿ-ಸಕ್ಕರೆಯ ಮಸಾಪಾನ್ ಮಿಠಾಯಿಗೆ ಯಾವ ಅಂಗಡಿ ಒಳ್ಳೆಯದೆಂದೂ ಬೆರಳು ಮಾಡಿದರು. ಅಷ್ಟು ಹೊತ್ತೂ ರಾಯರು ಹತ್ತಡಿ ದೂರದಲ್ಲಿ ನಿಂತು ಒಂದು ಗೋಡೆಯ ಇಟ್ಟಿಗೆಗಳನ್ನು ಬಹಳ ಆಸಕ್ತಿಯಿಂದ ಪರಿಶೀಲಿಸುತ್ತಿದ್ದರು. ಆಮೇಲೆ, ‘ಎಡಕ್ಕೇ ಅಂತ ನನಗೂ ಅನ್ನಿಸಿತ್ತು.’

ಕಥೀಡ್ರಲ್ ಬಗ್ಗೆ ಇಬ್ಬರಿಗೂ ತಕರಾರಿಲ್ಲ: ಎತ್ತರ, ತಂಪು, ಕೂರಲು ಜಾಗ. ಸಾಂತೊ ತೊಮೆ ಚರ್ಚಿನಲ್ಲಿ ಎಲ್ ಗ್ರೆಕೊ ಬರೆದ ಒರ್ಗಾಸ್ ಪ್ರಭುವಿನ ಅಂತ್ಯಕ್ರಿಯೆಯ ದೊಡ್ಡ ಚಿತ್ರವಿದೆ. ಅದರ ಮುಂದೆ ರಾಯರು ಓದಿಕೊಂಡು ಬಂದದ್ದನ್ನು ಒಪ್ಪಿಸಿದರು. ಕ್ರೀಟ್ ದ್ವೀಪದವನು, 1577ರಲ್ಲಿ ಇಲ್ಲಿಗೆ ಬಂದ, 1614ರಲ್ಲಿ ಇಲ್ಲೇ ತೀರಿಕೊಂಡ.

‘ಯಾಕ್ರೀ ವಾಪಸ್ ಹೋಗ್ಲಿಲ್ಲ?’

‘ಊರು ಹಿಡಿಸ್ತು.’

‘ದಾರಿ ಕೇಳಿರೋದಿಲ್ಲ’ ಎಂದರು ಅಮ್ಮಾವ್ರು.

ಮಧ್ಯಾಹ್ನ ಎರಡರ ಮೇಲೆ ಅಂಗಡಿಗಳ ಬಾಗಿಲು ಬಿದ್ದವು. ಬೇಸಗೆಯ ಟೊಲೆಡೊದಲ್ಲಿ ಆ ಹೊತ್ತಿಗೆ ಊಟ ಮುಗಿಸಿ ಮನೆಯೊಳಗೆ ಸೇರುವುದು ಬುದ್ಧಿವಂತರ ಲಕ್ಷಣ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕೇಳೋಣವೆಂದರೂ ಜನವಿಲ್ಲದ ಆ ಮೂರು ಗಂಟೆ ರಾಯರ ಇಡೀ ಪ್ರವಾಸದ ಅತ್ಯಂತ ನೆಮ್ಮದಿಯ ಕಾಲ. ಅಮ್ಮಾವ್ರು ಒಂದು ನೆರಳಿನ ಮೆಟ್ಟಿಲ ಮೇಲೆ ಕೂತು ಮಸಾಪಾನ್ ಡಬ್ಬಿ ಅರ್ಧ ಮಾಡಿದರು.

ಸಂಜೆ ವಾಪಸಾಗುವಾಗ ಕೋಟೆಗೋಡೆಯ ಬಳಿ ಎಸ್ಕಲೇಟರ್ ಕಂಡಿತು. 2000ನೇ ಇಸವಿಯಲ್ಲಿ ಗುಡ್ಡ ಸೀಳಿ ಕೂರಿಸಿದ್ದು. ಕೆಳಗಿನಿಂದ ಮೂವತ್ತಾರು ಮೀಟರ್ ಎತ್ತರಕ್ಕೆ ಜನರನ್ನು ನಿಂತಲ್ಲೇ ಹೊತ್ತು ತರುತ್ತದೆ. ಅಮ್ಮಾವ್ರು ನಿಂತು ನೋಡಿದರು. ಎರಡು ಮಕ್ಕಳ ತಾಯಿಯೊಬ್ಬಳು ಬಾಳೆಹಣ್ಣು ಸುಲಿಯುತ್ತ ಮೇಲೆ ಬಂದಳು.

‘ಇದು ಮ್ಯಾಪಲ್ಲಿ ಇರ್ಲಿಲ್ವಾ?’

‘ಇತ್ತು. ಅದು ಕೈಲಾಗದವರಿಗೆ ಅಂತ ಬಿಟ್ಟೆ.’

ರೈಲಿನಲ್ಲಿ ಕೂತ ಮೇಲೆ ಅಮ್ಮಾವ್ರು ಚಪ್ಪಲಿ ಕಳಚಿ ಕಾಲು ನೀವಿಕೊಳ್ಳತೊಡಗಿದರು. ರಾಯರು ಆಗಲೇ ಇನ್ನೊಂದು ಮ್ಯಾಪ್ ಬಿಡಿಸಿದ್ದರು. ‘ನಾಳೆ ಆವಿಲಾ. ಅದೂ ಹಳೇ ಊರೇ. ಸುತ್ತ ಎರಡೂವರೆ ಕಿಲೋಮೀಟರ್ ಕೋಟೆಗೋಡೆ, ಹೇಗೆ ಹೋದ್ರೂ ಗೋಡೆಗೇ ಬರ್ತೀವಿ. ಅಲ್ಲಿ ದಾರಿ ತಪ್ಪೋಕೆ ಸಾಧ್ಯವೇ ಇಲ್ಲ.’

‘ಅಲ್ಲಿ?’ ಎಂದರು ಅಮ್ಮಾವ್ರು.