ಕೋಚಮ್ಮ

ನಮ್ಮ ಅತ್ತಿಗೆ ದೊಡ್ಡವರಾದ ಮೇಲೆ ಓಡಿದ್ದು ಎರಡೇ ಸಲ. ಒಮ್ಮೆ ತಿಪಟೂರಿನಲ್ಲಿ ಹೈಸ್ಕೂಲು ಓದುವಾಗ, ಎಮ್ಮೆ ಅಟ್ಟಿಸಿಕೊಂಡು ಬಂದದ್ದಕ್ಕೆ. ಇನ್ನೊಮ್ಮೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ, ಹಪ್ಪಳದ ಡಬ್ಬ ಎದೆಗವಚಿಕೊಂಡು, ಮುಂದಿನ ವಿಮಾನ ತಪ್ಪಿಹೋಗುತ್ತದೆಂಬ ಭಯಕ್ಕೆ. ಇಷ್ಟು ಅನುಭವದ ಬಲದ ಮೇಲೆ ಈಗ ಆಕೆ ಅಮೆರಿಕದ ಶಾರ್ಲಟ್ ನಗರದಲ್ಲಿ ಹದಿನೈದು ಹುಡುಗಿಯರಿಗೆ ಓಟದ ಕೋಚ್. ನಾವು ಮನೆಯವರು ಕರೆಯುವುದು ಕೋಚಮ್ಮ ಅಂತ.

ಕೋಚಮ್ಮಂದಿರನ್ನು ನೀವೂ ನೋಡಿರುತ್ತೀರಿ. ಪರದೇಶದಲ್ಲಿ ನಾಲ್ಕು ಮನೆ ಕನ್ನಡಿಗರಿದ್ದರೆ ಅದರಲ್ಲೊಬ್ಬಳು ಗ್ಯಾರಂಟಿ. ಸಂಘದ ಗಣೇಶನ ಹಬ್ಬಕ್ಕೆ ಇನ್ನೂರು ಜನಕ್ಕೆ ಚಿತ್ರಾನ್ನ ಕಲಸುವವಳು ಅವಳೇ, ಭಾನುವಾರ ಕನ್ನಡ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ಅ ಆ ತಿದ್ದಿಸುವವಳೂ ಅವಳೇ. ‘ಆಗಲ್ಲ’ ಅನ್ನುವ ಮಾತು ಬಾಯಿಗೆ ಬರುವುದಿಲ್ಲ. ‘ನಂಗೇನೂ ಬರಲ್ಲಪ್ಪ’ ಅನ್ನುವುದು ಮಾತ್ರ ಬಾಯಿ ಬಿಟ್ಟು ಹೋಗುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡೇ ಅತ್ತಿಗೆ ಕೋಚ್ ಆದದ್ದು.

ಮಗಳ ಶಾಲೆಯಿಂದ ಒಂದು ಚೀಟಿ ಬಂತು. ‘ಗರ್ಲ್ಸ್ ಆನ್ ದ ರನ್’ ಎಂಬ ಕಾರ್ಯಕ್ರಮಕ್ಕೆ ಕೋಚ್ ಬೇಕು, ಕೋಚ್ ಸಿಕ್ಕದಿದ್ದರೆ ಈ ವರ್ಷ ತಂಡ ಇಲ್ಲ, ಕೋಚ್ ಆಗುವವರಿಗೆ ಓಡಲು ಬರಬೇಕೆಂದೇನೂ ಇಲ್ಲ. ನಮ್ಮಣ್ಣ ಕಾಫಿ ಹೀರುತ್ತಾ, “ನೋಡೇ, ಓಡೋಕೆ ಬರದೆ ಇದ್ರೂ ಆಗುತ್ತಂತೆ. ನಿನ್ನ ನೋಡಿಯೇ ಬರೆದಿರಬೇಕು” ಎಂದ. ಹದಿನಾರು ವರ್ಷ ಸಂಸಾರ ಮಾಡಿದವನು ಆಡುವ ಮಾತಲ್ಲ. ರಾತ್ರಿಯೇ ಅರ್ಜಿ ಹೋಯಿತು.

ಈ ಕಾರ್ಯಕ್ರಮ ಹುಟ್ಟಿದ್ದು ಶಾರ್ಲಟ್‌ನಲ್ಲೇ, 1996ರಲ್ಲಿ. ಮಾಲಿ ಬಾರ್ಕರ್ ಎಂಬ ಟ್ರಯಥ್ಲಾನ್ ಸ್ಪರ್ಧಿ ಹದಿಮೂರು ಹುಡುಗಿಯರನ್ನು ಕಟ್ಟಿಕೊಂಡು ಶುರುಮಾಡಿದ್ದು. ಈಗ ಅಮೆರಿಕದ ತುಂಬ ಹರಡಿದೆ. ಮೂರರಿಂದ ಐದನೇ ಕ್ಲಾಸಿನ ಮಕ್ಕಳು ವಾರಕ್ಕೆರಡು ದಿನ ಶಾಲೆ ಬಿಟ್ಟ ಮೇಲೆ ಸೇರುತ್ತಾರೆ. ಒಂದಿಷ್ಟು ಮಾತು, ಒಂದಿಷ್ಟು ಆಟ, ಒಂದಿಷ್ಟು ಓಟ. ಕೊನೆಗೆ ಎಲ್ಲ ತಂಡಗಳೂ ಸೇರಿ 5 ಕಿಲೋಮೀಟರ್. ಹೆಚ್ಚುಕಡಿಮೆ ಗಾಂಧಿಬಜಾರಿನಿಂದ ಮೆಜೆಸ್ಟಿಕ್ಕಿಗೆ, ಬಸ್ಸಿಲ್ಲದೆ. ಹುಡುಗಿಯರು ಬೆಳೆಯುತ್ತಾ ಬಂದ ಹಾಗೆ ಯಾವುದೋ ಡಬ್ಬಿಯೊಳಗೆ ತಮ್ಮನ್ನು ತಾವೇ ಮಡಚಿ ಇಟ್ಟುಕೊಂಡುಬಿಡುತ್ತಾರೆ, ಅದಕ್ಕೆ ಮೊದಲೇ ಹಿಡಿಯಬೇಕು ಎಂಬುದು ಬಾರ್ಕರ್ ಅವರ ಎಣಿಕೆ. ತರಬೇತಿಯ ದಿನ ಇದನ್ನು ಕೇಳಿಕೊಂಡು ಬಂದ ಅತ್ತಿಗೆ, “ನಮ್ಮ ತಿಪಟೂರಲ್ಲಿ ಆ ಡಬ್ಬಿಗೆ ಮುಚ್ಚಳ ಬೇರೆ ಇತ್ತು ಕಣೋ” ಎಂದರು. ಎಂಟನೇ ಕ್ಲಾಸಿನ ತನಕ ಖೋಖೋ. ಆಮೇಲೆ ಆಡುವವರ ಚಪ್ಪಲಿ ಕಾಯುವ ಕೆಲಸ.

ಕೋಚಮ್ಮನ ಪೋಷಾಕನ್ನು ಹೇಳಬೇಕು. ತಲೆಗೆ ಬಿಸಿಲುಟೋಪಿ, ಕೊರಳಲ್ಲಿ ತಾಳಿಸರದ ಜೊತೆಗೇ ಸೀಟಿ. ಎರಡೂ ತೊಡಕಿಕೊಂಡು ಒಮ್ಮೆ ಸೀಟಿ ಊದಲು ಹೋಗಿ ತಾಳಿ ಬಾಯಿಗೆ ಬಂದದ್ದುಂಟು. ಕಾಲಿಗೆ ನೂರಿಪ್ಪತ್ತು ಡಾಲರಿನ ಶೂ. ಊರಿಗೆ ಫೋನಿನಲ್ಲಿ ಹೇಳಿದ್ದು ನಲವತ್ತೆಂದು. ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅದರಲ್ಲಿ ಬ್ಯಾಂಡೇಜು, ಖರ್ಜೂರ, ಮತ್ತು ಹಿಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಮಿಕ್ಕ ಹಳದಿ-ಕೆಂಪು ಉಲ್ಲನ್ ದಾರದ ಉಂಡೆ. ಮೈದಾನ ಒಂದು ಸುತ್ತು ಮುಗಿಸಿ ಬಂದ ಹುಡುಗಿಯ ಕೈಗೆ ಒಂದು ಎಳೆ ಕಟ್ಟುತ್ತಾರೆ, ಎಷ್ಟು ಸುತ್ತಾಯಿತೆಂಬ ಲೆಕ್ಕಕ್ಕೆ. ಏಪ್ರಿಲ್‌ನ ಶಾರ್ಲಟ್‌ನಲ್ಲಿ ಪೈನ್ ಮರದ ಪರಾಗ ಕಾರು, ಮೆಟ್ಟಿಲು, ಎಲ್ಲದರ ಮೇಲೂ ಅರಿಶಿನ ಎರಚಿದಂತೆ ಬಿದ್ದಿರುತ್ತದೆ. ಅದರ ನಡುವೆ ಕೈತುಂಬ ದಾರ ಕಟ್ಟಿಸಿಕೊಂಡು ಸೀನುತ್ತಾ ಓಡುವ ಮಕ್ಕಳನ್ನು ನೋಡಿದರೆ ಯಾವುದೋ ಜಾತ್ರೆಯಿಂದ ತಪ್ಪಿಸಿಕೊಂಡು ಬಂದವರಂತೆ ಕಾಣುತ್ತಾರೆ.

ಈ ಮಕ್ಕಳಿಗೆ ಗೆದ್ದವರು, ಸೋತವರು ಎಂಬುದಿಲ್ಲ. ಅವರವರ ‘ಖುಷಿ ವೇಗ’ದಲ್ಲಿ ಓಡಬಹುದು, ನಡೆಯಬಹುದು, ಕುಪ್ಪಳಿಸಬಹುದು. ಯಾರಾದರೂ ಒಳ್ಳೆಯದು ಮಾಡಿದರೆ ಬಹುಮಾನವೂ ಇಲ್ಲ, ಎಲ್ಲರೂ ಸೇರಿ ಒಂದು ಕೋಡಂಗಿ ಕುಣಿತ ಕುಣಿದು ಕೂಗಬೇಕು. ಅದಕ್ಕೆ ‘ಎನರ್ಜಿ ಅವಾರ್ಡ್’ ಅನ್ನುತ್ತಾರೆ. ಪುಸ್ತಕದಲ್ಲಿದ್ದ ಕುಣಿತಗಳು ಅತ್ತಿಗೆಗೆ ಸಪ್ಪೆ ಅನ್ನಿಸಿ ತಾವೇ ಒಂದು ಕಂಡುಹಿಡಿದರು: ಒಗ್ಗರಣೆ. ಎಡಗೈ ಬಾಣಲೆ, ಬಲಗೈಯಿಂದ ಸಾಸಿವೆ, “ಚಟ ಚಟ ಚಟ ಚಟ”, ಕರಿಬೇವು ಕಿತ್ತು ಹಾಕಿ ಹಿಂದಕ್ಕೆ ಹಾರಿ “ಚುಂಯ್!” ಮನೆಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿಕೊಳ್ಳುವ ದೇಶದಲ್ಲಿ ಹದಿನೈದು ಮಕ್ಕಳು ಬಯಲಿನಲ್ಲಿ ಚುಂಯ್ ಅನ್ನುವುದನ್ನು ಕೇಳಲೆಂದೇ ನಾನು ಎರಡು ದಿನ ಆಫೀಸು ಬೇಗ ಬಿಟ್ಟಿದ್ದೇನೆ.

ಒಂದು ದಿನ ಅತ್ತಿಗೆ ಪಿ.ಟಿ. ಉಷಾ ಕತೆ ಹೇಳಿದರು. 1984, ಲಾಸ್ ಏಂಜಲೀಸ್ ಒಲಿಂಪಿಕ್ಸ್, 400 ಮೀಟರ್ ಹರ್ಡಲ್ಸ್, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಹೋದದ್ದು. ಹೇಳುತ್ತಾ ಅವರ ಕಣ್ಣೇ ಒದ್ದೆ. ಒಂದು ಪುಟ್ಟ ಹುಡುಗಿ ಕೇಳಿದಳು: “ಹಾಗಾದರೆ ಅವರಿಗೆ ಏನು ಸಿಕ್ಕಿತು?” ಏನೂ ಇಲ್ಲ, ನಾಲ್ಕನೇ ಸ್ಥಾನ. ಮಕ್ಕಳು ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಎದ್ದು ನಿಂತು ಪಿ.ಟಿ. ಉಷಾಗೆ ಒಂದು ಒಗ್ಗರಣೆ ಹಾಕಿದರು.

ಇಷ್ಟೆಲ್ಲ ಸರಿ. ತೊಡಕು ಬಂದದ್ದು ಪಾಠದ ಪುಸ್ತಕದಿಂದ. ನಮ್ಮನ್ನು ನಾವೇ ಹೀಗಳೆದುಕೊಳ್ಳಬಾರದು ಎಂದು ಅದರಲ್ಲಿದೆ. ಅತ್ತಿಗೆ ಇಂಗ್ಲಿಷಿನಲ್ಲಿ ಇದನ್ನು ಸೊಗಸಾಗಿ ಹೇಳಿಕೊಡುತ್ತಾರೆ. ಆದರೆ ಕನ್ನಡದಲ್ಲಿ ಹೀಗಳೆದುಕೊಳ್ಳದೆ ಒಂದು ಊಟ ಬಡಿಸಲಾದೀತೇ? ಬಿಸಿಬೇಳೆಬಾತ್ ಚೆನ್ನಾಗಿದೆ ಅಂದರೆ “ಅಯ್ಯೋ, ಏನೋ ಮಾಡಿದೀನಿ, ಹುಳಿ ಜಾಸ್ತಿ ಆಯ್ತೇನೋ” ಅನ್ನಬೇಕು. ಸೀರೆ ಚೆನ್ನಾಗಿದೆ ಅಂದರೆ “ಹಳೇದು ಕಣ್ರೀ.” ನಮ್ಮಲ್ಲಿ ಅದು ಮರ್ಯಾದೆ, ಪುಸ್ತಕದ ಪ್ರಕಾರ ಕಾಯಿಲೆ. ಮನೆಯಲ್ಲಿ ಒಂಬತ್ತು ವರ್ಷದ ಮಗಳು ಪೊಲೀಸಿನಂತೆ ಕಾದಿರುತ್ತಾಳೆ. “ಅಮ್ಮಾ, ನೆಗೆಟಿವ್ ಟಾಕ್!” ಅತ್ತಿಗೆ ತಕ್ಷಣ ತಿದ್ದಿಕೊಂಡು ಅತಿಥಿಗಳಿಗೆ, “ಹೌದು, ನಾನು ಬಿಸಿಬೇಳೆಬಾತ್ ಬಹಳ ಚೆನ್ನಾಗಿ ಮಾಡ್ತೀನಿ” ಅನ್ನುತ್ತಾರೆ. ಬಂದವರು ಎಲೆ ನೋಡಿಕೊಂಡು ಸುಮ್ಮನೆ ಉಣ್ಣುತ್ತಾರೆ. ಒಬ್ಬರಂತೂ ಹೊರಗೆ ಬಂದು ನನ್ನನ್ನು, “ಅವರಿಗೆ ಈಚೆಗೆ ಸ್ವಲ್ಪ ಜಂಬ ಬಂದಿದೆಯಲ್ಲವೇ?” ಎಂದು ಕೇಳಿದರು.

ಹೋಲಿಸಬಾರದು ಅನ್ನುವುದು ಇನ್ನೊಂದು ಪಾಠ. ಮೈದಾನದಲ್ಲಿ ಹೋಲಿಕೆ ಇಲ್ಲ. ಮನೆಗೆ ಬರುವ ದಾರಿಯಲ್ಲಿ, ಕಾರಿನ ಬೆಲ್ಟು ಹಾಕುವ ಮೊದಲೇ, “ಪಕ್ಕದ ಬೀದಿ ತೆಲುಗರ ಹುಡುಗಿ ಗಣಿತದಲ್ಲಿ ಎಷ್ಟು ಮುಂದೆ ಹೋಗಿದಾಳೆ ಗೊತ್ತಾ?” “ಅಮ್ಮಾ, ನನ್ನ ಖುಷಿ ವೇಗ.” “ಖುಷಿ ವೇಗ ಓಟಕ್ಕೆ ಕಣೇ, ಭಾಗಾಕಾರಕ್ಕಲ್ಲ!”

ಒಂದು ಸಲ ಮಾತ್ರ ಮೈದಾನದಲ್ಲೇ ಎಡವಿದರು. ಮೊದಲ ದಿನ ಒಂದು ಮಗು ಬೇಲಿಗೊರಗಿ ನಿಂತು, ನನಗೆ ಓಡಲು ಬರುವುದಿಲ್ಲ ಅಂತ ಹಟ ಹಿಡಿಯಿತು. ಅಲ್ಲಿ ಕೋಚ್ ಏನು ಹೇಳಬೇಕೆಂದು ಪುಸ್ತಕದಲ್ಲಿ ಅಚ್ಚಾಗಿದೆ. ಅತ್ತಿಗೆಯ ಬಾಯಿಂದ ಬಂದದ್ದು, “ನಂಗೂ ಬರಲ್ಲ.” ನಾಲಿಗೆ ಕಚ್ಚಿಕೊಂಡರು. ಮಗು ಮಾತ್ರ ಬೇಲಿ ಬಿಟ್ಟು ಬಂದು ಅವರ ಕೈ ಹಿಡಿದುಕೊಂಡಿತು. ಅಲ್ಲಿಂದಾಚೆ ಇಬ್ಬರದೂ ಒಂದೇ ವೇಗ.

5 ಕಿಲೋಮೀಟರಿನ ಶನಿವಾರ ಬಂತು. ಮಕ್ಕಳು ಕೂದಲಿಗೆ ಬಣ್ಣ ಬಳಿದುಕೊಂಡು, ಬೆನ್ನಿಗೆ ಸೂಪರ್‌ಮ್ಯಾನ್ ವಸ್ತ್ರ ಕಟ್ಟಿಕೊಂಡು ಬಂದಿದ್ದರು. ಪ್ರತಿ ಹುಡುಗಿಯ ಜೊತೆ ಒಬ್ಬರು ದೊಡ್ಡವರು ಓಡಬೇಕು. ಮಗಳ ಜೊತೆ ಅಣ್ಣ ಹೋದ. ನಾನು “ಫೋಟೋಗೆ ಒಬ್ಬರು ಬೇಕಲ್ಲ” ಎಂದು ಪುಳಿಯೋಗರೆ ಡಬ್ಬಿ ಹಿಡಿದು ಕೊನೆಯ ಗೆರೆಯ ಹತ್ತಿರ ನಿಂತೆ. ಅಣ್ಣ ಬಂದಾಗ ಅವನ ಮುಖ ಬೇಯಿಸಿದ ಬೀಟ್‌ರೂಟ್. ಮಗಳು ಅವನ ಬೆನ್ನು ಸವರುತ್ತಾ ಪುಸ್ತಕದ ಮಾತುಗಳನ್ನೆಲ್ಲ ಹೇಳುತ್ತಿದ್ದಳು. ಜನ ಕರಗಿ, ಬಾಳೆಹಣ್ಣಿನ ಬುಟ್ಟಿ ಖಾಲಿಯಾಗಿ, ಬಲೂನಿನ ಕಮಾನು ಬಿಚ್ಚಲು ಇಬ್ಬರು ಏಣಿ ತಂದ ಮೇಲೆ ದೂರದಲ್ಲಿ ಅತ್ತಿಗೆಯೂ ಆ ಮಗುವೂ ಕಂಡರು. ಮಗುವಿನ ಎರಡೂ ಜೇಬಿನ ತುಂಬ ದಾರಿಯಲ್ಲಿ ಹೆಕ್ಕಿದ ಪೈನ್ ಕಾಯಿ. ಗೆರೆಗೆ ಇಪ್ಪತ್ತು ಮಾರು ಇರುವಾಗ ಅದೇನು ಮಾತಾಡಿಕೊಂಡರೋ, ಇಬ್ಬರೂ ಓಡತೊಡಗಿದರು. ಕಾಯಿಗಳು ದಾರಿಯುದ್ದಕ್ಕೂ ಉದುರಿದವು. ಏಣಿಯವರು ಏಣಿ ಪಕ್ಕಕ್ಕಿಟ್ಟು ಚಪ್ಪಾಳೆ ತಟ್ಟಿದರು.

ರಾತ್ರಿ ತಿಪಟೂರಿಗೆ ವಿಡಿಯೊ ಕಾಲ್. ಅಲ್ಲಿ ಬೆಳಗ್ಗೆ, ಅಜ್ಜಿ ಹೂ ಕಟ್ಟುತ್ತಾ ಕೂತಿದ್ದರು. ಮೊಮ್ಮಗಳು ಪದಕ ತೋರಿಸಿದಳು.

“ಎಷ್ಟನೇ ಪ್ರೈಜು?”

“ಪ್ರೈಜಿಲ್ಲಮ್ಮ. ಎಲ್ಲರಿಗೂ ಒಂದೇ ಪದಕ.”

“ಪ್ರೈಜಿಲ್ಲದ ಮೇಲೆ ಮಕ್ಕಳನ್ನ ಬಿಸಿಲಲ್ಲಿ ಯಾಕೆ ಓಡಿಸಿದೆ?” ಎಂದವರು ಒಂದು ಗಂಟು ಹಾಕಿ, “ನೀನು?” ಎಂದರು.

“ಎಲ್ಲರಿಗಿಂತ ಕೊನೆ. ನಂಗೆಲ್ಲಿ ಬರುತ್ತಮ್ಮ ಓಟ.”

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ರೇಗಿದರು. “ಬರದೇ ಏನು? ಆವತ್ತು ಎಮ್ಮೆ ಅಟ್ಟಿಸಿಕೊಂಡು ಬಂದಾಗ ತೋಟದ ಗೇಟು ಹಾರಿದವಳು ಯಾರು? ಲಂಗ ಹರ್ಕೊಂಡು ಬಂದೆ ಅಂತ ನಾನೇ ಬೈದಿದ್ದು.”

ಅತ್ತಿಗೆ ಫೋನನ್ನು ಮುಖದ ಹತ್ತಿರ ತಂದುಕೊಂಡರು. “ಎಷ್ಟು ಎತ್ತರ ಇತ್ತಮ್ಮ ಆ ಗೇಟು?”

ಅಜ್ಜಿ ಹೂವು ಕೆಳಗಿಟ್ಟು ಕೈ ಎತ್ತಿ ತೋರಿಸಿದರು. ಕೈ ಫೋನಿನ ಚೌಕಟ್ಟು ದಾಟಿ ಮೇಲೆ ಹೋಯಿತು.