ಗುಣಿ ತೋಡಲು ನೆಲ ಕೊಡಿ

ಮೊಳಕಾಲ್ಮೂರು ಪಟ್ಟಣ ಪಂಚಾಯಿತಿ ಮತ್ತು ಚಳ್ಳಕೆರೆ ನಗರಸಭೆಯ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಗುಣಿ ಮಗ್ಗವನ್ನು ಮೊದಲ ಮಹಡಿಯಲ್ಲಿ ಹೂಡಲು ಬರುವುದಿಲ್ಲ. ನೆಲ ಅಗೆದು, ಗುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮೇಲೆ ಜಕಾರ್ಡ್ ಪೆಟ್ಟಿಗೆ ಕೂತರೆ ಸೂರೂ ಎತ್ತರ ಬೇಕು. ನೆಲದ ತಂಪು ರೇಷ್ಮೆ ಎಳೆಗೆ ಬೇಕು, ಒಣ ಧಗೆಯಲ್ಲಿ ಎಳೆ ಪಟಪಟ ಹರಿಯುತ್ತದೆ. ಬಡವರ ಮನೆಗಳ ಬಗ್ಗೆ ನಿಮ್ಮ ಸಭೆಗಳಲ್ಲಿ ಯಾವ ನಕ್ಷೆ ಬಂದರೂ ದಯವಿಟ್ಟು ಈ ಗುಣಿಯನ್ನು ಮೊದಲು ನೆನೆಯಿರಿ.

ಮೊಳಕಾಲ್ಮೂರಿನ ನೇಕಾರನಿಗೆ ಮನೆ ಎಂದರೆ ಮಲಗುವ ಜಾಗ ಮಾತ್ರವಲ್ಲ. ಗಂಡ ಮಗ್ಗದಲ್ಲಿ ಕೂತಿದ್ದರೆ ಹೆಂಡತಿ ಪಕ್ಕದಲ್ಲೇ ರಾಟೆಯ ಮುಂದೆ ಕಂಡಿಕೆ ಸುತ್ತುತ್ತಾಳೆ, ನಡುನಡುವೆ ಎದ್ದು ಒಲೆ ನೋಡುತ್ತಾಳೆ. ಕಣ್ಣು ಮಂಜಾದ ಅಜ್ಜಿಯೂ ಎಳೆ ಬಿಡಿಸಿಕೊಡುತ್ತಾಳೆ. ಅಚ್ಚು ಕೆಚ್ಚುವ ದಿನ ಪಕ್ಕದ ಮನೆಯವರು ಬಂದು ಕೂರುತ್ತಾರೆ, ನಾಳೆ ಅವರ ಮನೆಗೆ ಇವರು ಹೋಗುತ್ತಾರೆ. ಹಾಸು ಬಿಚ್ಚಿ ಹಿಡಿಯಲು ಉದ್ದನೆಯ ಜಾಗ ಬೇಕು. ಹೀಗೆ ಒಂದು ಸೀರೆ ಮುಗಿಯುವ ಹೊತ್ತಿಗೆ ಒಂದು ಮನೆಯಲ್ಲ, ಅರ್ಧ ಬೀದಿ ಅದಕ್ಕೆ ಕೈ ಹಾಕಿರುತ್ತದೆ. ಆ ಬೀದಿ ಒಡೆದರೆ ಕಸುಬೂ ಒಡೆಯುತ್ತದೆ.

ಬಾಡಿಗೆ ಮನೆಯಲ್ಲಿರುವ ನೇಕಾರನ ಪಾಡನ್ನು ನೋಡಿ. ನೆಲ ಅಗೆಯಲು ಮನೆಯ ಯಜಮಾನನ ಒಪ್ಪಿಗೆ ಬೇಕು. ಮನೆ ಖಾಲಿ ಮಾಡು ಎಂದ ದಿನ ಮಗ್ಗ ಕಿತ್ತು, ಅರ್ಧ ನೇಯ್ದ ಹಾಸು ಸುತ್ತಿಕೊಂಡು, ಗುಣಿ ಮುಚ್ಚಿ ಹೊರಡಬೇಕು. ಮುಂದಿನ ಮನೆಯವರು ಅಗೆಯಲು ಒಪ್ಪದಿದ್ದರೆ ಮತ್ತೊಬ್ಬರ ಮಗ್ಗದಲ್ಲಿ ಕೂಲಿಗೆ ಕೂರಬೇಕು. ಮುಂಗಡ ಕೊಟ್ಟ ಸಾಹುಕಾರನ ಬಳಿ ಕೂಲಿ ಕೇಳುವ ಗಟ್ಟಿತನ ಅಲ್ಲಿಗೆ ಮುಗಿಯಿತು. ಸ್ವಂತ ನೆಲವಿಲ್ಲದ ನೇಕಾರ ಕೂಲಿ ನೇಕಾರನಾಗುವ ದಾರಿ ಇಷ್ಟು ಚಿಕ್ಕದು.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇರೆ ಕಡೆ ನೇಯ್ದ ಸೀರೆಯನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಸಂತೋಷದ ವಿಷಯವೇ. ಸೀರೆಗೆ ಊರಿನ ಹೆಸರಿನ ಮೇಲೆ ಹಕ್ಕು ಬಂತು. ಅದನ್ನು ನೇಯುವ ಕೈಗಳಿಗೆ ಅದೇ ಊರಿನಲ್ಲಿ ನಾಲ್ಕು ಮೊಳ ನೆಲದ ಹಕ್ಕು ಯಾವಾಗ ಎಂದು ನಾನು ನಿಮ್ಮನ್ನು ಕೇಳಲೇಬೇಕಾಗಿದೆ.

ಯೋಜನೆಗಳಿಲ್ಲ ಎಂದು ನಾನು ಹೇಳುತ್ತಿಲ್ಲ. 2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ ಬಡ ಕುಟುಂಬಕ್ಕೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ನೆರವಿತ್ತು, ಒಳಗಿನ ವಿಸ್ತೀರ್ಣ 30 ಚದರ ಮೀಟರ್‌ವರೆಗೆ. ಎಂದರೆ ಸುಮಾರು 320 ಚದರ ಅಡಿ. ಸ್ವಂತ ನಿವೇಶನ ಇದ್ದವರು ತಾವೇ ಕಟ್ಟಿಕೊಳ್ಳಬಹುದಿತ್ತು. ಇಲ್ಲದವರಿಗೆ ಉಳಿದ ದಾರಿ ಸಾಮಾನ್ಯವಾಗಿ ಊರಾಚೆಯ ವಸತಿ ಸಮುಚ್ಚಯ, ಮಹಡಿಯ ಮೇಲೊಂದು ಮನೆ. ರಾಜ್ಯದಲ್ಲಿ ವಾಜಪೇಯಿ ನಗರ ವಸತಿ ಯೋಜನೆ ಇದೆ, ದೇವರಾಜ ಅರಸು ಹೆಸರಿನದಿದೆ, ಅಂಬೇಡ್ಕರ್ ಹೆಸರಿನದಿದೆ. ಕೊಳೆಗೇರಿ ಅಭಿವೃದ್ಧಿಗೆ 1973ರ ಕಾಯ್ದೆಯೇ ಇದೆ. ಕೈಮಗ್ಗ ಇಲಾಖೆಯ ಕಡೆಯಿಂದ ನೇಕಾರನಿಗೆ ಕೆಲಸದ ಕೊಠಡಿ ಕಟ್ಟಲು ನೆರವು ಸಿಗುತ್ತದೆ. ಆದರೆ ಒಂದು ಕಡತ ಮನೆ ಎನ್ನುತ್ತದೆ, ಇನ್ನೊಂದು ಕಡತ ಕೊಠಡಿ ಎನ್ನುತ್ತದೆ, ಎರಡೂ ಒಂದೇ ನಿವೇಶನದಲ್ಲಿ ಕೂಡುವುದು ಅಪರೂಪ. ಮನೆಯೂ ಮಗ್ಗವೂ ಒಂದೇ ಸೂರಿನಡಿ ಇರಬೇಕೆಂಬ ತಿಳಿವಳಿಕೆ ಸರ್ಕಾರಕ್ಕೆ ಹೊಸದೂ ಅಲ್ಲ: 1985-86ರಲ್ಲೇ ಕೇಂದ್ರ ಸರ್ಕಾರ ನೇಕಾರರಿಗೆ ಮಗ್ಗಸಹಿತ ಮನೆಯ ಯೋಜನೆಯೊಂದನ್ನು ತಂದಿತ್ತು. ನಾಲ್ಕು ದಶಕಗಳ ಹಿಂದೆ ಗೊತ್ತಿದ್ದದ್ದನ್ನು ಇಂದು ಹೊಸದಾಗಿ ಕೇಳಬೇಕಾಗಿ ಬಂದದ್ದು ನನಗೆ ನೋವಿನ ಸಂಗತಿ.

ನೆಲ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಈ ಪ್ರಶ್ನೆ ಈ ಸೀಮೆಯಲ್ಲಿ ಬಾಯಿಗೆ ಬರುವಾಗ ನಾಲಿಗೆ ತಡೆಯಬೇಕು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನಲ್ಲಿ ದೊಡ್ಡ ಸಂಸ್ಥೆಗಳಿಗೆಂದು ಸುಮಾರು 10 ಸಾವಿರ ಎಕರೆ ಸಿಕ್ಕಿತು. ಡಿಆರ್‌ಡಿಒಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ. ತಲೆಮಾರುಗಳಿಂದ ಕುರಿ, ದನ ಮೇಯಿಸಿದವರಿಗೆ ಗೋಡೆ ಎದ್ದ ಮೇಲೆ ವಿಷಯ ತಿಳಿಯಿತು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ನಾನು ವಿಜ್ಞಾನಕ್ಕೆ ಎದುರಲ್ಲ. ಸಾವಿರಗಳ ಲೆಕ್ಕದಲ್ಲಿ ಎಕರೆ ಹುಡುಕಿಕೊಟ್ಟ ಆಡಳಿತಕ್ಕೆ ನೇಕಾರರ ಬೀದಿಗೆ ಹತ್ತು ಎಕರೆ ಸಿಗುವುದಿಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ.

ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಗುರಿಯಾಗಿತ್ತು. ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಅಲ್ಲಿ ಸ್ಥಳದ ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಸೌದೆ ಬೇಡ, ದೂರದಿಂದ ಲಾರಿ ಬರಬೇಕಿಲ್ಲ, ಊರಿನ ಗಾರೆಯವರೇ ಕಲಿತು ಮಾಡಬಹುದು. ನಮ್ಮ ಸೀಮೆಯ ಮಾಳಿಗೆ ಮನೆ ಕಟ್ಟಿದವರಿಗೆ ಮಣ್ಣು ಹೊಸದಲ್ಲ. ತೊಲೆ, ಜಂತೆ, ಮೇಲೆ ಸೌಳು ಮಣ್ಣು ಬಡಿದ ಆ ಮಾಳಿಗೆಯಡಿ ಬೇಸಿಗೆಯಲ್ಲೂ ಮಗ್ಗದ ಮುಂದೆ ಕೂರಬಹುದಿತ್ತು. ಸಿಮೆಂಟ್ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ನೇಯಲು ಹೇಳಿ ನೋಡಿ. ಆ ಸಂಸ್ಥೆಯ ಕುದಾಪುರದ ಆವರಣ ಚಳ್ಳಕೆರೆ ತಾಲ್ಲೂಕಿನಲ್ಲೇ ಇದೆ. ಹೋಗಿ ಕೇಳಿ. ಹತ್ತು ಮಾದರಿ ಮನೆ ಕಟ್ಟಲು, ಗಾರೆಯವರಿಗೆ ತರಬೇತಿ ಕೊಡಲು ಕೈಜೋಡಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಕಟ್ಟುವವರು ಯಾರು ಎಂಬುದು. ನನ್ನ ಕೋರಿಕೆಯ ತಿರುಳು ಇಲ್ಲೇ ಇದೆ. ಗುತ್ತಿಗೆದಾರನಿಗೂ ಬೇಡ, ಲೇಔಟ್ ಮಾಡುವವರಿಗೂ ಬೇಡ. ನೇಕಾರರದ್ದೇ ಆದ, ಲಾಭ ಹಂಚಿಕೊಳ್ಳದ ಸಹಕಾರ ಸಂಘ ಕಟ್ಟಲಿ.

ಇದು ಆಗುವ ಮಾತೇ ಎನ್ನುವವರು ಅಕ್ಕಲಕೋಟೆಯ ಕಡೆಯಿಂದ ಸೊಲ್ಲಾಪುರಕ್ಕೆ ಹೋಗಿ ಬರಲಿ. ಕನ್ನಡ, ತೆಲುಗು, ಮರಾಠಿ ಮೂರೂ ಬೀದಿಯಲ್ಲಿ ಕೇಳುವ ಊರು ಅದು. ಅಲ್ಲಿನ ಬೀಡಿ ಕಟ್ಟುವ ಹೆಂಗಸರಿಗೂ ಮನೆಯೇ ಕೆಲಸದ ಜಾಗ, ಮೊರ ಮಡಿಲಲ್ಲಿಟ್ಟು ಕೂರಲು ತಾವು ಬೇಕು, ಗೇಣುದ್ದದ ಬಾಡಿಗೆ ಕೋಣೆಯಲ್ಲಿ ತಂಬಾಕಿನ ಧೂಳಿನ ನಡುವೆಯೇ ಮಕ್ಕಳು ಮಲಗಬೇಕಿತ್ತು. ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಆ ಹೆಂಗಸರು ಹೋರಾಟಗಾರ್ತಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಸಹಕಾರ ಸಂಘ ಮಾಡಿಕೊಂಡರು. ಕೇಂದ್ರದ ಪಾಲು, ರಾಜ್ಯದ ಪಾಲು, ತಮ್ಮ ಪಾಲು ಎಂದು ಮೂರೂ ಕೂಡಿಸಿ ಊರಾಚೆಯ ಕುಂಭಾರಿಯಲ್ಲಿ 10 ಸಾವಿರ ಮನೆ ಎಬ್ಬಿಸಿದರು. 2006ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದು ಅದನ್ನು ಲೋಕಾರ್ಪಣೆ ಮಾಡಿದರು. ಅದೇ ಹಾದಿಯಲ್ಲಿ 30 ಸಾವಿರ ಮನೆಗಳ ರೇ ನಗರ ಹುಟ್ಟಿತು. ಅದರ ಮೊದಲ 15 ಸಾವಿರ ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಹಸ್ತಾಂತರಿಸಿದರು. ಪಡೆದವರಲ್ಲಿ ಕೈಮಗ್ಗದವರೂ ಇದ್ದರು. ಎರಡು ಬೇರೆ ಪಕ್ಷಗಳ ಪ್ರಧಾನಿಗಳು, ಮೂರನೆಯ ಪಕ್ಷದ ಕಾರ್ಮಿಕ ಸಂಘ. ಪಕ್ಷ ಬೇರೆಯಾದರೆ ಕೆಲಸ ನಿಲ್ಲಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಸೊಲ್ಲಾಪುರದಿಂದ ನಾವು ತರಬೇಕಾದದ್ದು ಸಂಘಟನೆಯನ್ನು, ಜಾಗದ ಆಯ್ಕೆಯನ್ನಲ್ಲ. ಊರಿಂದ ಅಷ್ಟು ದೂರ ಹೋದರೆ ಮೊಳಕಾಲ್ಮೂರಿನ ಮಗ್ಗ ಬದುಕುವುದಿಲ್ಲ.

ಸಹಕಾರ ನಮಗೆ ಹೊರಗಿನದಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ, ಗೃಹ ನಿರ್ಮಾಣಕ್ಕೆಂದೇ ಬೆಂಗಳೂರಿನಲ್ಲಿ 1909ರಲ್ಲಿ ಸಂಘ ಕಟ್ಟಿದ ನಾಡು ಇದು. ಸಹಕಾರ ಕೆಟ್ಟದ್ದನ್ನೂ ಈ ನಾಡು ಕಂಡಿದೆ. ಬೆಂಗಳೂರಿನ ಎಷ್ಟೋ ಗೃಹ ನಿರ್ಮಾಣ ಸಂಘಗಳು ದಲ್ಲಾಳಿಗಳ ಕೈಗೆ ಸಿಕ್ಕಿ ನಿವೇಶನದ ಅಂಗಡಿಗಳಾದವು. 1995ರಲ್ಲಿ ಸುಪ್ರೀಂ ಕೋರ್ಟು ಎಚ್‌ಎಂಟಿ ನೌಕರರ ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನೇ ತಳ್ಳಿಹಾಕಿತು. ಹಾಗಾಗದಂತೆ ಮಾಡುವ ಉಪಾಯವೊಂದಿದೆ: ನೆಲ ಸಂಘದ ಹೆಸರಿನಲ್ಲೇ ಉಳಿಯಬೇಕು, ಮನೆ ಮತ್ತು ಮಗ್ಗದ ಹಕ್ಕು ಮಾತ್ರ ಕುಟುಂಬಕ್ಕೆ, ಮಕ್ಕಳಿಗೂ ಸಲ್ಲುವಂತೆ. ಬಿಟ್ಟು ಹೋಗುವವರು ಸಂಘಕ್ಕೇ ಮರಳಿಸಬೇಕು, ನಿಗದಿಯಾದ ಬೆಲೆಗೆ. ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯಲ್ಲಿ ಇದ್ದದ್ದು ಇದೇ ಬಗೆಯ ಆಲೋಚನೆ. ಅದರ ಪ್ರೇರಣೆಯೂ ಸೇರಿ 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ರೈತರು ನೆಲದ ಟ್ರಸ್ಟ್ ಮಾಡಿದರು. ಬಾಸ್ಟನ್ನಿನ ಡಡ್ಲಿ ಬೀದಿಯ ಬಡ ನಿವಾಸಿಗಳು 1984ರಲ್ಲಿ ಸಂಘಟಿತರಾಗಿ, 1988ರಲ್ಲಿ ತಮ್ಮ ಬಡಾವಣೆಯ ಪಾಳು ನಿವೇಶನಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನೇ ನಗರಾಡಳಿತದಿಂದ ಗೆದ್ದುಕೊಂಡು, ಅಲ್ಲಿ ಕೈಗೆಟುಕುವ ಮನೆ ಕಟ್ಟಿಸಿದರು. ಇಲ್ಲಿಂದ ಹೋದ ಆಲೋಚನೆ ಇಲ್ಲಿಗೆ ಮರಳಲು ಏನೂ ಅಡ್ಡಿಯಿಲ್ಲ.

ಚಳ್ಳಕೆರೆಯ ಸದಸ್ಯರಿಗೆ ಈಗ ಬೇರೆಯಾಗಿ ಒಂದು ಮಾತು. ಶೇಂಗಾ ಎಣ್ಣೆಯ ದಿನಗಳಲ್ಲಿ ನಿಮ್ಮೂರನ್ನು ಎರಡನೇ ಮುಂಬೈ ಎನ್ನುತ್ತಿದ್ದರು. ಮಳೆ ಕೈಕೊಟ್ಟು, ಬೆಳೆ ಇಳಿದು, ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು. ಗಿರಣಿಯ ನೆರಳಲ್ಲಿ ಬದುಕಿದ ಹಮಾಲರ, ಕೂಲಿಯವರ ಕೇರಿಗಳು ಮಾತ್ರ ಅಲ್ಲೇ ಇವೆ. ಇಂಥ ಕೇರಿಗಳಲ್ಲಿ ರಸ್ತೆ ಅಗಲವಾಗಿ, ಚರಂಡಿ ಬಂದು, ದೀಪ ಬಂದರೆ ನಾವೆಲ್ಲ ಸಂತೋಷಪಡುತ್ತೇವೆ. ಆದರೆ ಕೇರಿ ಚೆನ್ನಾದ ಮರುವರ್ಷ ಬಾಡಿಗೆ ಏರುತ್ತದೆ, ಮೊದಲು ಗಂಟುಮೂಟೆ ಕಟ್ಟುವವನು ಅಲ್ಲಿಯ ಬಡ ಬಾಡಿಗೆದಾರ. ಊರು ಉದ್ಧಾರವಾಗಿದ್ದು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಊರಾಚೆ ಇರುತ್ತಾನೆ. ಆದ್ದರಿಂದ ಕಾಂಕ್ರೀಟು ಸುರಿಯುವ ಮೊದಲು ನೆಲದ ಹಕ್ಕು ಗಟ್ಟಿ ಮಾಡಿ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿಸಿ ಅಡಿ ಹಕ್ಕುಪತ್ರ ಕೊಡಲು ಬರುತ್ತದೆ. ಆ ಅರ್ಜಿಗಳು ತಹಶೀಲ್ದಾರರ ಕಚೇರಿಯಲ್ಲಿ ಕೊಳೆಯದಂತೆ ಬೆನ್ನು ಹತ್ತಿ. ಬಾಗಿಲು ಹಾಕಿದ ಗಿರಣಿಗಳ ಅಂಗಳ ಮಾರಾಟಕ್ಕೆ ಬಂದಾಗ ಮೊದಲು ಕೇಳುವವರು ನಗರಸಭೆಯವರಾಗಿರಲಿ. ಕಂಬಳಿ ನೇಯುವ ಕುಟುಂಬಗಳಿಗೂ, ಗಿರಣಿ ಕೂಲಿಯವರಿಗೂ ಅಲ್ಲಿ ಸಂಘ ಮಾಡಿಕೊಂಡು ಕಟ್ಟಲು ದೀರ್ಘಾವಧಿಯ ಗುತ್ತಿಗೆಗೆ ನೆಲ ಸಿಗಲಿ.

ಮೊಳಕಾಲ್ಮೂರಿನ ಸದಸ್ಯರೇ, ನಿಮ್ಮ ಊರು ಚಿಕ್ಕದು, 2011ರ ಜನಗಣತಿಯಲ್ಲಿ ಜನಸಂಖ್ಯೆ 15 ಸಾವಿರದ ಆಸುಪಾಸು. ಈ ಗಾತ್ರದ ಊರಿನಲ್ಲಿ ಪ್ರತಿ ಮಗ್ಗವನ್ನೂ ಕಣ್ಣಾರೆ ನೋಡಿ ಬರೆದುಕೊಳ್ಳಬಹುದು. ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಇದೊಂದನ್ನು ಸೇರಿಸಿ: ವಾರ್ಡುವಾರು ಗುಣಿ ಮಗ್ಗಗಳ ಎಣಿಕೆ, ಮಗ್ಗ ಇರುವ ಮನೆ ಸ್ವಂತದ್ದೋ ಬಾಡಿಗೆಯದೋ, ನೆಲದ ದಾಖಲೆ ಯಾರ ಹೆಸರಿನಲ್ಲಿದೆ, ಮಗ್ಗ ಕಿತ್ತು ಕೂಲಿಗೆ ಹೋದವರು ಯಾರು. ಎಣಿಸುವಾಗ ನೇಕಾರ ಹೆಂಗಸರನ್ನು ಜೊತೆಗೆ ಕರೆದೊಯ್ಯಿರಿ. ಕಂಡಿಕೆ ಸುತ್ತುವವರಿಗೆ ಯಾವ ಮನೆಯಲ್ಲಿ ಮಗ್ಗ ನಿಂತಿದೆ ಎಂಬುದು ನಿಮ್ಮ ಯಾವ ಕಡತಕ್ಕಿಂತಲೂ ಚೆನ್ನಾಗಿ ಗೊತ್ತು. ಆ ಪಟ್ಟಿ ಕೈಗೆ ಬಂದರೆ ಎಷ್ಟು ಗುಂಟೆ ಬೇಕು, ಯಾವ ಬೀದಿಯ ಪಕ್ಕ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಜಿಲ್ಲಾಧಿಕಾರಿಗಳ ಮುಂದೆ ನೆಲ ಕೇಳಲು ಹೋಗುವ ದಿನ ನಮ್ಮನ್ನೂ ಕರೆಯಿರಿ, ಚಿತ್ರದುರ್ಗಕ್ಕೆ ನಾವೂ ಬರುತ್ತೇವೆ.

ಇಂತಿ ನಿಮ್ಮ,
ಮೊಳಕಾಲ್ಮೂರು ತಾಲ್ಲೂಕಿನ ಒಬ್ಬ ನಾಗರಿಕ