ಹೆಬ್ಬೆಟ್ಟಿಗೊಂದು ಬೀಗ

ಗುಟ್ಟು ಕಾಪಾಡುವುದರಲ್ಲಿ ನಮ್ಮವರೇನು ಕಡಿಮೆಯಿಲ್ಲ. ಸಂಬಳ ಎಷ್ಟೆಂದು ಭಾವಮೈದುನನಿಗೂ ಹೇಳುವುದಿಲ್ಲ. ಹುಳಿಪುಡಿಗೆ ಏನೇನು ಹಾಕುತ್ತೀರೆಂದು ಯಾರಾದರೂ ಕೇಳಿದರೆ ನಮ್ಮತ್ತೆ ಒಂದು ಸಾಮಾನನ್ನು ನುಂಗಿಕೊಂಡೇ ಪಟ್ಟಿ ಕೊಡುತ್ತಾರೆ. ಅದೇ ಲಾಡ್ಜಿನ ಕೌಂಟರಿನ ಹುಡುಗ ತಲೆಯೆತ್ತದೆ 'ಆಧಾರ್ ಜೆರಾಕ್ಸ್' ಅಂದನೋ, ಹೆಸರು, ವಿಳಾಸ, ಹುಟ್ಟಿದ ದಿನ, 12 ಅಂಕಿ ಎಲ್ಲವನ್ನೂ ಒಪ್ಪಿಸಿ, 'ಇನ್ನೊಂದು ಕಾಪಿ ಬೇಕಾ?' ಅನ್ನುತ್ತೇವೆ. ಆ ಕಾಪಿ ಫೈಲಿಗೆ, ಫೈಲಿನಿಂದ ಅಟ್ಟಕ್ಕೆ, ಅಟ್ಟದಿಂದ ರದ್ದಿಗೆ ಹೋಗುತ್ತದೆ.

ಹೀಗೆ ಹಂಚಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಪ್ರಕಟಣೆ ಹೊರಡಿಸಿತ್ತು. ಜನ ತಪ್ಪು ತಿಳಿದಾರೆಂದು ಎರಡೇ ದಿನಕ್ಕೆ ದೆಹಲಿ ಅದನ್ನು ವಾಪಸು ಪಡೆಯಿತು. ಎಚ್ಚರಿಕೆ ವಾಪಸಾಯಿತು, ಜೆರಾಕ್ಸ್ ವಾಪಸಾಗಲಿಲ್ಲ.

ಧೈರ್ಯವಂತರೂ ಇದ್ದಾರೆ. 2018ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಅಧ್ಯಕ್ಷರಾಗಿದ್ದ ಆರ್.ಎಸ್. ಶರ್ಮಾ ತಮ್ಮ ಆಧಾರ್ ಸಂಖ್ಯೆಯನ್ನು ಟ್ವಿಟರಿನಲ್ಲಿ ಹಾಕಿ, ಏನು ಮಾಡುತ್ತೀರೋ ಮಾಡಿ ಎಂದರು. ಕಿಲಾಡಿಗಳು ಅವರ ಖಾತೆಗೆ ಒಂದು ರೂಪಾಯಿ ಜಮಾ ಮಾಡಿದರು! ನಮ್ಮಂಥವರ ಖಾತೆಗೆ ಹಾಕಲು ಯಾರೂ ಬರುವುದಿಲ್ಲ, ಬಂದರೆ ತೆಗೆಯುವವರೇ.

ಇದಕ್ಕಿಂತ ನಿಜವಾದ ಧೈರ್ಯ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರ ಹೆಸರಿನ ಮೊಕದ್ದಮೆಯಲ್ಲೇ. ಹಕ್ಕೇನೋ ಸಿಕ್ಕಿತು. ಲಾಡ್ಜಿನ ಹುಡುಗನಿಗೆ ಅದನ್ನು ತಿಳಿಸುವ ಕೆಲಸ ಮಾತ್ರ ನಮಗೇ ಉಳಿಯಿತು.

ಸಂಖ್ಯೆಯ ಕಥೆ ಹೀಗಾದರೆ, ಬೆರಳಚ್ಚಿನದು ಇನ್ನೂ ಕಷ್ಟ. ಎಟಿಎಂ ಪಿನ್ ಕಳುವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೆ? ಆಸ್ತಿ ನೋಂದಣಿ ಪತ್ರಗಳ ಮೇಲಿನ ಹೆಬ್ಬೆಟ್ಟಿನ ಗುರುತು ಎತ್ತಿ, ಆಧಾರ್ ಸಂಖ್ಯೆಯ ಜೊತೆ ಸೇರಿಸಿ, ಓಟಿಪಿಯ ಗೊಡವೆಯಿಲ್ಲದೆ ಬ್ಯಾಂಕ್ ಖಾತೆಯಿಂದ ದುಡ್ಡು ಎಳೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಪೊಲೀಸರ ಮುಂದೆ ಬಂದವು. ಪಾತ್ರೆ ತಿಕ್ಕಿ ಗೆರೆ ಸವೆದ ಅಜ್ಜಿ ರೇಷನ್ ಅಂಗಡಿಯಲ್ಲಿ ಹೆಬ್ಬೆರಳನ್ನು ಸೆರಗಿಗೆ ಎಷ್ಟು ಒರೆಸಿ ಒತ್ತಿದರೂ ಒಪ್ಪದ ಯಂತ್ರ, ಕಳ್ಳನ ನಕಲಿ ಬೆರಳನ್ನು ಮರುಮಾತಿಲ್ಲದೆ ಒಪ್ಪುತ್ತದೆ.

ಹಾಗಾಗಿ ಬೆರಳಿಗೇ ಬೀಗ ಹಾಕುವ ಸೌಲಭ್ಯ ಆಧಾರ್ ಆ್ಯಪಿನಲ್ಲಿದೆ. ಸಂಖ್ಯೆಯ ಬದಲು ಕೊಡಲು, ಬೇಕೆಂದಾಗ ಬದಲಿಸಿಕೊಳ್ಳಬಹುದಾದ 16 ಅಂಕಿಯ ವರ್ಚುವಲ್ ಐಡಿಯೂ ಇದೆ. ಬೀಗ ಹಾಕಿ, ಖಂಡಿತ ಹಾಕಿ. ಆದರೆ ರೇಷನ್ ತರುವ ದಿನ ತೆಗೆಯುವುದು ನೆನಪಿರಲಿ. ಇಲ್ಲದಿದ್ದರೆ ಕಳ್ಳನ ಜೊತೆಗೆ ನಾವೂ ಅಕ್ಕಿಯಿಲ್ಲದೆ ವಾಪಸು!